ಎರವಲು ಮೂಗು

ದೇಹದ ಯಾವ ಭಾಗ ಕೈಕೊಟ್ಟರೂ ಮನುಷ್ಯ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಸಮಾಧಾನ ಪಡಬಹುದು. ಮಂಡಿನೋವು ಎಂದರೆ ಬಸ್ಸಿನಲ್ಲಿ ಜಾಗ ಬಿಡುತ್ತಾರೆ. ಕಣ್ಣು ಮಂಜಾದರೆ ಕನ್ನಡಕ, ಕಿವಿ ಮಂದವಾದರೆ ಮೆಷಿನ್ನು, ಹಲ್ಲು ಹೋದರೆ ಸೆಟ್ಟು. ಸಕ್ಕರೆ ಕಾಯಿಲೆಗಂತೂ ಸಮಾಜದಲ್ಲಿ ಒಂದು ಸ್ಥಾನಮಾನವೇ ಇದೆ. ಮದುವೆ ಮನೆಯಲ್ಲಿ ಇಬ್ಬರು ಸಕ್ಕರೆ ಕಾಯಿಲೆಯವರು ಎದುರಾದರೆ ಬೀಗರಿಗಿಂತ ಹೆಚ್ಚು ಆತ್ಮೀಯವಾಗಿ ಮಾತಾಡಿಕೊಳ್ಳುತ್ತಾರೆ. ಆದರೆ ಮೂಗು ಹೋಯಿತು ಎಂದು ಯಾರಾದರೂ ಹೇಳಿಕೊಂಡದ್ದನ್ನು ಕೇಳಿದ್ದೀರಾ? ನಾನೂ ಹೇಳಿಕೊಂಡಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ವಾರ ಜ್ವರ ಬಂತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೊರಗಿನಿಂದ ನೋಡಿದರೆ ಮೂಗು ಇದ್ದಲ್ಲೇ ಇದೆ, ನೆಟ್ಟಗಿದೆ, ಕನ್ನಡಕವನ್ನೂ ಹೊತ್ತಿದೆ. ಒಳಗಿನ ಕಸುಬು ಮಾತ್ರ ನಿಂತುಹೋಗಿದೆ. ಯಾರಿಗೂ ಗೊತ್ತಾಗದಂತೆ ಕೂನೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಟಾರ್ಚು ಬಿಟ್ಟು ನೋಡಿ, "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಇಷ್ಟನ್ನು ನಾನು ಟಾರ್ಚಿಲ್ಲದೆಯೇ ಹೇಳುತ್ತಿದ್ದೆ.

ಬೇರೆ ಯಾರಿಗಾದರೂ ಆಗಿದ್ದರೆ ಇದರಿಂದ ಒಂದಿಷ್ಟು ಅನುಕೂಲವೇ ಆಗುತ್ತಿತ್ತೇನೋ. ಊಟಿಯಲ್ಲಿ ಸೀಸನ್ ಹೊತ್ತಿನಲ್ಲಿ ವಾಸನೆ ಬರದೇ ಇರುವುದು ಒಂದು ವರ. ಆದರೆ ನಾನು ಟೀಮೇಕರ್. ಮೈಸೂರಿನಲ್ಲಿ ಬಿಎಸ್ಸಿ ಓದಿ, ಅಲ್ಲಿ ಕಲಿತ ಕನ್ನಡವನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬೆಟ್ಟಕ್ಕೆ ವಾಪಸು ಬಂದು, ಮೂವತ್ತನಾಲ್ಕು ವರ್ಷ ಟೀ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವನು. ಸೊಪ್ಪು ಎಷ್ಟು ಬಾಡಬೇಕು, ಎಷ್ಟು ಹೊತ್ತು ಹುಳಿಯಬೇಕು, ಯಾವಾಗ ಬೆಂಕಿಗೆ ಹೋಗಬೇಕು ಎನ್ನುವುದನ್ನೆಲ್ಲ ಮೂಗಿನಿಂದಲೇ ಹೇಳುವ ಕೆಲಸ ಅದು. ಗೇಟಿನಲ್ಲಿ ಸೈಕಲ್ ಇಳಿಯುವ ಮೊದಲೇ ಒಳಗೆ ಸೊಪ್ಪು ಮುಗ್ಗಿದೆಯೆಂದು ಕೂಗಿದವನು ಎಂದು ನನ್ನ ಬಗ್ಗೆ ಒಂದು ಕಥೆಯೇ ಇದೆ. ಆ ಕಥೆಯನ್ನು ಹುಟ್ಟಿಸಿದವನು ನಾನೇ ಆದರೂ ಈಗ ಅದು ನನ್ನ ಸಹಾಯವಿಲ್ಲದೆ ಓಡಾಡುತ್ತಿದೆ.

ನಿವೃತ್ತಿಯಾದ ಮೇಲೂ ಮೂಗಿಗೆ ಕೆಲಸ ತಪ್ಪಿರಲಿಲ್ಲ. ನನ್ನ ಹೆಂಡತಿ ಸರೋಜಾಳ ಅಣ್ಣನ ಮಗಳು ಗೌರಿ ಎಂಬುವಳು ತನ್ನ ಹಟ್ಟಿಯ ಒಂಬತ್ತು ಮನೆಯವರನ್ನು ಸೇರಿಸಿಕೊಂಡು ಒಂದು ಸಾಹಸ ಶುರುಮಾಡಿದ್ದಳು. ಹಟ್ಟಿ ಎಂದರೆ ನಮ್ಮ ಬಡಗರ ಊರು, ಒಂದೇ ಸಾಲಿನಲ್ಲಿ ಒತ್ತಿಕೊಂಡು ನಿಂತ ಮನೆಗಳು, ಸುತ್ತಲೂ ತುಂಡು ತುಂಡು ಟೀ ತೋಟ. ಸೊಪ್ಪನ್ನು ಫ್ಯಾಕ್ಟರಿಗೆ ಹಾಕಿ ಅವರು ಕೊಟ್ಟಷ್ಟು ತೆಗೆದುಕೊಳ್ಳುವ ಬದಲು, ತಾವೇ ಕೈಯಲ್ಲಿ ಹೊಸೆದು ಒಳ್ಳೆಯ ಟೀ ಮಾಡಿ ಮಾರುವುದು ಎಂದು ತೀರ್ಮಾನಿಸಿ, ಹಳೆಯ ಆಲೂಗಡ್ಡೆ ಶೆಡ್ಡನ್ನು ತೊಳೆದು ಕೆಲಸಕ್ಕೆ ಇಳಿದಿದ್ದರು. ಬುಧವಾರ ಹತ್ತು ಗಂಟೆಗೆ ಸ್ಟೀಲ್ ಡಬ್ಬಿಗಳಲ್ಲಿ ಆ ವಾರ ಮಾಡಿದ ಟೀ ನಮ್ಮ ಮನೆಗೆ ಬರುತ್ತಿತ್ತು. ಕೂನೂರಿನ ಒಬ್ಬ ವ್ಯಾಪಾರಿ, ಹೊರದೇಶಕ್ಕೆ ಕಳಿಸುವವರು, ಜನವರಿಯಲ್ಲಿ ಒಂದೇ ಒಂದು ಸ್ಯಾಂಪಲ್ ನೋಡುವುದಾಗಿ ಹೇಳಿದ್ದರು. ಹಿಡಿಸಿದರೆ ವರ್ಷವಿಡೀ ಕೊಳ್ಳುತ್ತಾರೆ, ಹಿಡಿಸದಿದ್ದರೆ ಮತ್ತೆ ಅವರ ಬಾಗಿಲು ತಟ್ಟುವ ಹಾಗಿಲ್ಲ. ಯಾವ ಟೀ ಕಳಿಸಬೇಕೆಂದು ಹೇಳಬೇಕಾದವನು ನಾನು. ಒಂಬತ್ತು ಮನೆಯ ಒಂದು ವರ್ಷದ ಬೆವರು, ನನ್ನ ಈ ಸತ್ತ ಮೂಗಿನ ಮೇಲೆ ಕೂತಿತ್ತು.

ಹಾಗಾದರೆ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಿಮಗೆ ಸುಲಭ. ಮೊದಲ ಬುಧವಾರ ಜ್ವರದ ನೆಪ ಹೇಳಿದೆ, ಎರಡನೆಯ ಬುಧವಾರ ಮುಂದಿನ ವಾರ ಹೇಳೋಣ ಎಂದುಕೊಂಡೆ, ಮೂರನೆಯ ಬುಧವಾರ ಹೇಳಿದ್ದರೆ ಎರಡನೆಯ ಬುಧವಾರ ಏನು ಮಾಡಿದಿರಿ ಎಂಬ ಪ್ರಶ್ನೆ ಬರುತ್ತಿತ್ತು. ನಾಲಿಗೆಗೆ ಒಗರು, ಕಹಿ ಗೊತ್ತಾಗುತ್ತಿತ್ತು. ಬಣ್ಣ ಕಣ್ಣಿಗೆ ಕಾಣುತ್ತಿತ್ತು. ಮಿಕ್ಕಿದ್ದನ್ನು ತಂದವರ ಮುಖ ನೋಡಿ ಅಂದಾಜು ಮಾಡುತ್ತಿದ್ದೆ. ಅದೂ ಆಗದಿದ್ದರೆ ಒಂದು ಮಾತು ಇಟ್ಟುಕೊಂಡಿದ್ದೆ: "ಮೇಲೆ ಬರ್ತಾ ಇದೆ, ಇನ್ನೂ ಸ್ವಲ್ಪ ತಾಳ್ಮೆ ಬೇಕು." ಇದು ಎಂಥ ಟೀಗೂ ಹೊಂದುತ್ತದೆ, ಮದುವೆಗೆ ನೋಡಿದ ಗಂಡಿಗೂ ಹೊಂದುತ್ತದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು, ನಾನು ಬಾಗಿಲು ಹಾಕಿಕೊಂಡು ಕೂತು ಬೆವರೊರೆಸಿಕೊಳ್ಳುತ್ತಿದ್ದೆ.

ಇಂಥ ಹೊತ್ತಿನಲ್ಲಿ, ನವೆಂಬರ್ ತಿಂಗಳಲ್ಲಿ, ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವರು ಇಬ್ಬರು ಹುಡುಗರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ. ಮಾರ್ಮನ್ ಎಂಬ ಕ್ರೈಸ್ತ ಪಂಥದವರು, ಮನೆ ಮಠ ಬಿಟ್ಟು ಎರಡು ವರ್ಷ ಧರ್ಮದ ಕೆಲಸಕ್ಕೆಂದು ಹೊರಟವರು. ಒಬ್ಬ ರಾಜಮಂಡ್ರಿಯ ಪ್ರಸಾದ್, ಇಪ್ಪತ್ತೊಂದು ವರ್ಷ, ತೆಳ್ಳಗೆ ಕಡ್ಡಿಯ ಹಾಗೆ. ಇನ್ನೊಬ್ಬ ಹತ್ತೊಂಬತ್ತರ ಮೋಆಲಾ, ಟೋಂಗಾ ಎಂಬ ಸಮುದ್ರದ ನಡುವಿನ ದ್ವೀಪದವನು. ಅವನು ಬಾಗಿಲಲ್ಲಿ ನಿಂತರೆ ಮನೆಯೊಳಗೆ ದೀಪ ಹಾಕಬೇಕು. ಹೊಸಬನಿಗೆ ಮೊದಲ ಹನ್ನೆರಡು ವಾರ ತರಬೇತಿ, ತರಬೇತಿ ಕೊಡುವವನು ಪ್ರಸಾದ್. ಇಬ್ಬರಿಗೂ 'ಎಲ್ಡರ್' ಎಂಬ ಪದವಿ, ಅಂದರೆ ಹಿರಿಯರು. ಅರವತ್ತೈದರ ನಾನು ಹತ್ತೊಂಬತ್ತರವನನ್ನು ಹಿರಿಯರೇ ಎಂದು ಕರೆಯಬೇಕಾಗಿ ಬಂತು. ಅವನು ನನ್ನನ್ನು ಅಂಕಲ್ ಎಂದು ಕರೆದು ವಿಷಯವನ್ನು ಸರಿದೂಗಿಸಿದ.

ಬಂದ ದಿನವೇ ಸರೋಜಾ ಎರಡು ಲೋಟ ಟೀ ತಂದಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಸಾದ್ ತನ್ನ ತೆಲುಗು ಬೆರೆತ ತಮಿಳಿನಲ್ಲಿ, "ಕ್ಷಮಿಸಿ ಅಮ್ಮಾ, ನಾವು ಟೀ ಕುಡಿಯೋದಿಲ್ಲ" ಎಂದ. ಕಾಫಿ ತರುತ್ತೇನೆ ಎಂದಳು. ಅದೂ ಕುಡಿಯುವುದಿಲ್ಲವಂತೆ, ಅವರ ಧರ್ಮದಲ್ಲಿ ಎರಡೂ ನಿಷಿದ್ಧ. ಸರೋಜಾ ಒಳಗೆ ಬಂದು ನನ್ನನ್ನು ಗುರಾಯಿಸಿದಳು. "ಇಡೀ ಊಟಿಯಲ್ಲಿ ಟೀ ಕುಡಿಯದ ಇಬ್ಬರೇ ಇಬ್ಬರು ಇದ್ದರು, ಅವರನ್ನೇ ಹುಡುಕಿ ತಂದಿರಾ? ಬಂದವರಿಗೆ ಒಂದು ಲೋಟ ಟೀ ಕೊಡದೆ ನಾನು ಏನು ಮಾತಾಡಲಿ?" ಅವಳ ಕಷ್ಟ ನಿಜವೇ. ನಮ್ಮಲ್ಲಿ ಮಾತು ಶುರುವಾಗುವುದೇ ಲೋಟದಿಂದ. ಟೀ ಇಲ್ಲದಿದ್ದರೆ ಕೈಯನ್ನು ಎಲ್ಲಿಡಬೇಕು, ಯಾವಾಗ ಏಳಬೇಕು ಒಂದೂ ತಿಳಿಯುವುದಿಲ್ಲ. ಮೂರನೆಯ ದಿನ ಅವಳೇ ದಾರಿ ಹುಡುಕಿ ರಾಗಿ ಗಂಜಿ ಮಾಡಿ ಕೊಟ್ಟಳು. ಮೋಆಲಾ ಚೊಂಬಿನಲ್ಲಿ ಕುಡಿದ. ಅಲ್ಲಿಂದ ಮುಂದೆ ಅವನು ಅವಳ ಮಗ, ನಾನು ಮನೆಯ ಮಾಲೀಕ.

ಆದರೆ ಆ ಹುಡುಗನ ಸ್ಥಿತಿ ನೋಡಿದರೆ ಪಾಪ ಎನಿಸುತ್ತಿತ್ತು. ಬೆವರು ಹರಿಯುವ ದ್ವೀಪದಿಂದ ನೇರವಾಗಿ ಊಟಿಯ ಚಳಿಗೆ ಬಂದು ಬಿದ್ದಿದ್ದ. ಎರಡು ಸ್ವೆಟರು, ಅದರ ಮೇಲೆ ಟೈ, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು, ಬೆಳಗ್ಗೆ ಆರೂವರೆಗೆ ಎದ್ದು ಅಂಗಳದಲ್ಲಿ ಕುಪ್ಪಳಿಸುತ್ತಿದ್ದ. ಒಂದು ದಿನ ಗೇಟಿನ ಹೊರಗೆ ಕಾಡೆಮ್ಮೆಯೊಂದು ನಿಂತಿತ್ತು. ನಮಗೆ ಅದು ಪಕ್ಕದ ಮನೆಯವರಿದ್ದ ಹಾಗೆ, ಹೋಗುವವರೆಗೆ ಕಾಯುತ್ತೇವೆ. ಅವನು ಅದಕ್ಕೆ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿ, ಉತ್ತರಕ್ಕಾಗಿ ಕಾಯುತ್ತ ನಿಂತಿದ್ದ. ಪ್ರಸಾದ್ ಎರಡೇ ವರ್ಷ ದೊಡ್ಡವನಾದರೂ ಹೆಡ್‌ಮಾಸ್ಟರ್ ಹಾಗೆ ಒಂದು ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ: ಎಷ್ಟು ಹೊತ್ತು ಓದು, ಎಷ್ಟು ಹೊತ್ತು ತಮಿಳು, ಎಷ್ಟು ಹೊತ್ತು ಸೇವೆ. ಒಬ್ಬರನ್ನು ಬಿಟ್ಟು ಒಬ್ಬರು ಎಲ್ಲಿಗೂ ಹೋಗುವ ಹಾಗಿಲ್ಲ ಎಂಬುದು ಅವರ ನಿಯಮ, ಆದ್ದರಿಂದ ಮೋಆಲಾಗೆ ಒಂಟಿಯಾಗಿ ಕೂತು ಅಳುವುದಕ್ಕೂ ಜಾಗವಿರಲಿಲ್ಲ. ಎರಡನೆಯ ವಾರವೇ ಮೆಟ್ಟಿಲ ಮೇಲೆ ಕೂತು ಸರೋಜಾಳ ಹತ್ತಿರ, ಮಧ್ಯದಲ್ಲೇ ವಾಪಸು ಹೋಗುವುದು ಹೇಗೆಂದು ಮೇಲಿನವರನ್ನು ಕೇಳಬೇಕೆಂದಿದ್ದೇನೆ ಎಂದನಂತೆ. ಇಬ್ಬರಿಗೂ ಸರಿಯಾಗಿ ಬರುವ ಭಾಷೆ ಒಂದೂ ಇಲ್ಲ, ಆದರೂ ಅವಳಿಗೆ ಪೂರ್ತಿ ಅರ್ಥವಾಯಿತು. "ಪೆಟ್ಟಿಗೆ ಅರ್ಧ ಕಟ್ಟಿಟ್ಟಿದಾನೆ" ಎಂದು ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು.

ಅದಾದ ಮೂರನೆಯ ದಿನ ಬುಧವಾರ. ಗೌರಿ ಬೇಗನೇ ಡಬ್ಬಿಗಳನ್ನಿಟ್ಟು ಪೇಟೆಗೆ ಹೋಗಿದ್ದಳು. ನಾನು ಜಗಲಿಯಲ್ಲಿ ಐದು ಬಿಳಿ ಬಟ್ಟಲಲ್ಲಿ ಟೀ ಸೋಸಿಟ್ಟುಕೊಂಡು, ಶತ್ರುಗಳನ್ನು ನೋಡುವ ಹಾಗೆ ನೋಡುತ್ತ ಕೂತಿದ್ದೆ. ಮೆಟ್ಟಿಲಿಳಿದು ಬಂದ ಮೋಆಲಾ ನಿಂತು, ಗಾಳಿಯನ್ನು ಎಳೆದುಕೊಂಡು, "ಅಂಕಲ್, ನನ್ನ ಚಿಕ್ಕಪ್ಪ ಕೊಬ್ಬರಿ ಒಣಗಿಸುವ ಗುಡಿಸಲಿನ ವಾಸನೆ ಬರ್ತಿದೆ" ಎಂದ. ಹೇಗಿರುತ್ತದೆ ಎಂದು ಕೇಳಿದೆ. ಕೆಳಗೆ ಸೌದೆ ಉರಿ, ಮೇಲೆ ಕೊಬ್ಬರಿ, ಎಲ್ಲ ಹೊಗೆ ಹೊಗೆ ಎಂದ. ಯಾವ ಬಟ್ಟಲು ಎಂದೆ. ಬಗ್ಗಿ ಮೂಸಿ ಮೂರನೆಯದನ್ನು ತೋರಿಸಿದ. ಹೊಗೆ ಹಿಡಿದ ಟೀ ಎಂದರೆ ಒಣಗಿಸುವ ಪೆಟ್ಟಿಗೆಯಲ್ಲಿ ಎಲ್ಲೋ ಬಿರುಕು ಬಿಟ್ಟಿದೆ ಎಂದೇ ಅರ್ಥ. ಮೂರು ವಾರದಿಂದ ನಾನು ಅದಕ್ಕೆ ತಾಳ್ಮೆಯ ಉಪದೇಶ ಮಾಡುತ್ತಿದ್ದೆ! ಮಿಕ್ಕ ನಾಲ್ಕನ್ನೂ ಮೂಸಿಸಿದೆ. ಒಂದು, ರಗ್ಬಿ ಮೈದಾನದಲ್ಲಿ ಹುಲ್ಲು ಕತ್ತರಿಸಿದ ಬೆಳಗ್ಗೆ. ಅಂದರೆ ಸರಿಯಾಗಿ ಹುಳಿತಿಲ್ಲ. ಇನ್ನೊಂದು, ಅಜ್ಜಿಯ ಚಾಪೆ ಪೆಟ್ಟಿಗೆ. ಅಂದರೆ ತೇವ ಉಳಿದು ಮುಗ್ಗಿದೆ. ಮತ್ತೊಂದನ್ನು ಮೂಸಿ, ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ, "ಎಲ್ಡರ್ ಪ್ರಸಾದರ ಕಾಲುಚೀಲ" ಎಂದ. ಅದು ಹುಳಿತದ್ದು ಹೆಚ್ಚಾದದ್ದು. ಉಳಿದ ಒಂದು ಮಾತ್ರ ಸರಿಯಾಗಿತ್ತು. ಹುಟ್ಟಿದಾರಭ್ಯ ಒಂದು ಗುಟುಕು ಟೀ ಕುಡಿಯದ ಹುಡುಗ. ಹಾಲು ಸಕ್ಕರೆಯ ಅಭ್ಯಾಸ ಕೆಡಿಸದ ಮೂಗು. ನನಗೆ ಮೂವತ್ತನಾಲ್ಕು ವರ್ಷದಲ್ಲಿ ಬಂದದ್ದು ಅವನಿಗೆ ಮೆಟ್ಟಿಲಿಳಿಯುವಾಗಲೇ ಬಂದಿತ್ತು.

ಅಷ್ಟರಲ್ಲಿ ಪ್ರಸಾದ್ ಓಡಿಬಂದ. ಬಟ್ಟಲಿಗೆ ಬಗ್ಗಿದ ಶಿಷ್ಯನನ್ನು ಕಂಡು ಅವನ ಮುಖದ ಬಣ್ಣ ಇಳಿಯಿತು. ಕುಡಿದಿಲ್ಲ, ಮೂಸಿದ್ದು ಅಷ್ಟೆ ಎಂದು ನಾನು ವಕೀಲಿಕೆ ಮಾಡಿದೆ, ಬೇರೆ ದಾರಿಯಿಲ್ಲದೆ ನನ್ನ ಮೂಗಿನ ವಿಷಯವನ್ನೂ ಇಬ್ಬರಿಗೂ ಹೇಳಿದೆ. ಇದು ನಿಯಮದಲ್ಲಿ ಎಲ್ಲೂ ಬರೆದಿಲ್ಲ, ಆದ್ದರಿಂದ ಕೇಳಬೇಕು ಎಂದು ಅವನು ತಮ್ಮ ಮೇಲಿನವರಿಗೆ ಫೋನು ಮಾಡಿದ. ಆ ಕಡೆಯವರು ಬಹಳ ಹೊತ್ತು ನಕ್ಕರಂತೆ. ಮೂಸುವುದು ಕುಡಿಯುವುದಲ್ಲ, ಬಡ ರೈತರಿಗೆ ಉಪಕಾರವಾಗುವುದಾದರೆ ಮಾಡಲಿ, ಧರ್ಮದ ಕೆಲಸಕ್ಕೆ ಹೊರಗೆ ಹೋಗುವ ಹೊತ್ತು ತಪ್ಪಬಾರದು ಎಂದರಂತೆ. ಪ್ರಸಾದ್ ಪುಸ್ತಕದಲ್ಲಿ 'ಸೇವೆ, ಬುಧವಾರ, ಒಂದು ಗಂಟೆ' ಎಂದು ಬರೆದುಕೊಂಡ. ಇಬ್ಬರೂ ಜೊತೆಗೇ ಇರಬೇಕಾದ್ದರಿಂದ ಅವನೂ ನಮ್ಮ ಅಡಿಗೆಮನೆಯಲ್ಲಿ ಕೂರಬೇಕಾಯಿತು. ಆದರೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂರುತ್ತಿದ್ದ. ಒಂದು ದಿನ ಯಾಕಪ್ಪಾ ಎಂದು ಕೇಳಿದೆ. "ನಾನು ಹದಿನಾರು ವರ್ಷದವರೆಗೆ ಟೀ ಕುಡಿತಿದ್ದೆ ಅಂಕಲ್. ನಮ್ಮಮ್ಮ ಏಲಕ್ಕಿ ಹಾಕಿ ಮಾಡೋಳು" ಎಂದ. ಆಮೇಲೆ ನಾನು ಕಿಟಕಿ ತೆರೆದಿಡತೊಡಗಿದೆ.

ಹೀಗೆ ನನ್ನ ಹೊಸ ವ್ಯವಹಾರ ಶುರುವಾಯಿತು. ಡಬ್ಬಿಗಳನ್ನು ಹಿಂದಿನ ದಿನವೇ ಕಳಿಸಿಬಿಡಿ, ಟೀ ಒಂದು ರಾತ್ರಿ ನಮ್ಮ ಮನೆಯ ಗಾಳಿಗೆ ಹೊಂದಿಕೊಳ್ಳಬೇಕು ಎಂದು ಗೌರಿಗೆ ಹೇಳಿದೆ. ಇಂಥ ಶಾಸ್ತ್ರ ಎಲ್ಲೂ ಇಲ್ಲ. ಎಂಟು ಗಂಟೆಗೆ ಮೋಆಲಾ ಮೂಸಿ ಹೇಳುವುದು, ನಾನು ಬರೆದುಕೊಳ್ಳುವುದು, ಹತ್ತಕ್ಕೆ ಗೌರಿ ಮತ್ತು ಅವಳ ಹಟ್ಟಿಯ ಹಿರಿಯ ಭೋಜಣ್ಣ ಬಂದಾಗ ನಾನು ಸೊರ್ರೆಂದು ಸದ್ದು ಮಾಡಿ ಬಾಯಿಗೆಳೆದುಕೊಂಡು, ಕಣ್ಣು ಮುಚ್ಚಿ, ಉಗಿದು, ತೀರ್ಪು ಕೊಡುವುದು. ಹುಡುಗ ಮೂಸಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವನು ಟೀ ಬಗ್ಗೆ ಕಲಿಯುತ್ತಿದ್ದಾನೆ ಎಂದು ಸರೋಜಾಳಿಗೆ ಹೇಳಿದ್ದೆ. "ಒಣಗಿಸೋ ಪೆಟ್ಟಿಗೆಯ ತಗಡು ಬಿರುಕು ಬಿಟ್ಟಿರಬೇಕು ನೋಡಿ" ಎಂದು ಹಟ್ಟಿಯವರಿಗೆ ಹೇಳಿದೆ. ಹೋಗಿ ನೋಡಿದರೆ ಬಿಟ್ಟಿತ್ತು. ಭೋಜಣ್ಣ ಕೈಮುಗಿಯುವುದೊಂದು ಬಾಕಿ. "ಟೀಮೇಕರೇ, ವಯಸ್ಸಾದ ಹಾಗೆ ನಿಮ್ಮ ಮೂಗು ಇನ್ನೂ ಚುರುಕಾಯ್ತಲ್ಲ!" ಎಂದ. ನಾನು ವಿನಯದಿಂದ ತಲೆ ತಗ್ಗಿಸಿದೆ. ವಾರ ವಾರಕ್ಕೆ ಟೀ ನಿಜವಾಗಿಯೂ ಚೆನ್ನಾಗುತ್ತ ಬಂತು. ಮೋಆಲಾನ ಮುಖದಲ್ಲೂ ಕಳೆ ಬಂತು. ಬೀದಿಯಲ್ಲಿ ಅವನ ತಮಿಳು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆದರೆ ಬುಧವಾರ ಎಂಟು ಗಂಟೆಗೆ ಅವನ ಮಾತಿಗೆ ಒಬ್ಬ ಮುದುಕ ಕಿವಿಗೊಟ್ಟು ಕಾಯುತ್ತಿದ್ದ. ಅರ್ಧ ಕಟ್ಟಿಟ್ಟ ಪೆಟ್ಟಿಗೆಯ ಮಾತು ಅವನು ಮತ್ತೆ ಎತ್ತಲಿಲ್ಲ, ಬಿಚ್ಚಲೂ ಇಲ್ಲ ಎಂದು ಸರೋಜಾ ಹೇಳುತ್ತಿದ್ದಳು.

ಜನವರಿ ಬಂತು. ಮುಂಜಾನೆ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟುವ ಕಾಲ. ಆಗ ಚಿವುಟಿದ ಸೊಪ್ಪಿನ ಟೀಗೆ ಸಮನಿಲ್ಲ. ಗೌರಿ ಬಂದು, "ಮಾವ, ಈ ಸಲ ಡಬ್ಬಿ ಇಲ್ಲಿಗೆ ತರೋದಿಲ್ಲ. ಬುಧವಾರ ನೀವೇ ಶೆಡ್ಡಿಗೆ ಬನ್ನಿ. ಹನ್ನೊಂದು ಬಗೆ ಮಾಡಿದೀವಿ. ಎಲ್ಲರ ಮುಂದೆ ಒಂದನ್ನ ಆರಿಸಿಕೊಡಿ, ಅವತ್ತೇ ಕೂನೂರಿಗೆ ಕಳಿಸ್ತೀವಿ" ಎಂದಳು. ನನಗೆ ಆ ಚಳಿಯಲ್ಲೂ ಬೆವರು ಬಂತು. ಆದರೆ ಉಪಾಯವೂ ಬಂತು. ಹುಡುಗರನ್ನು ಅತಿಥಿಗಳೆಂದು ಕರೆದುಕೊಂಡು ಹೋಗುವುದು. ಎಲ್ಲರ ಮುಂದೆ ಮೋಆಲಾ ಸುಮ್ಮನೆ ಕುತೂಹಲಕ್ಕೆಂಬಂತೆ ಮೂಸುತ್ತ ಬರುವುದು. ಚೆನ್ನಾಗಿದ್ದರೆ ಟೈ ಮುಟ್ಟಿಕೊಳ್ಳುವುದು, ಕೆಟ್ಟಿದ್ದರೆ ತಲೆ ಕೆರೆದುಕೊಳ್ಳುವುದು. ಸೋಮವಾರ ಬಟ್ಟೆ ಒಗೆಯುತ್ತಿದ್ದವನ ಹತ್ತಿರ ಹೋಗಿ ಇದನ್ನು ವಿವರಿಸಿದೆ. ಅವನು ಬಕೆಟ್ಟಿನಲ್ಲಿ ಕೈ ಅದ್ದಿಕೊಂಡೇ ಕೇಳಿದ, "ಹಾಗಾದರೆ ಅವರಿಗೆ ಗೊತ್ತಿಲ್ವಾ ಅಂಕಲ್?" ನಾನು ಎಲ್ಲರಿಗೂ ಹೇಳಿಕೊಂಡೇ ಅವನ ಸಹಾಯ ಪಡೆಯುತ್ತಿದ್ದೇನೆ ಎಂದು ಅವನು ಇಷ್ಟು ದಿನ ತಿಳಿದಿದ್ದ! "ನಾನು ಬರ್ತೀನಿ, ಮೂಸ್ತೀನಿ, ಗಟ್ಟಿಯಾಗಿ ಹೇಳ್ತೀನಿ. ಟೈ ಮುಟ್ಟಿಕೊಳ್ಳೋದು ನನ್ನಿಂದ ಆಗೋದಿಲ್ಲ" ಎಂದ. ಪ್ರಸಾದ್ ಕೂಡ ತಲೆಯಾಡಿಸಿದ. ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದರೆ ಬರಲೇ ಬೇಡ. ನಿನ್ನಂಥವರಿಂದ ಯಾರಿಗೆ ಏನು ಉಪಕಾರ? ಮನೆಗೆ ಹೋಗಬೇಕು ಅಂತಿದ್ದೆಯಲ್ಲ, ಹೋಗು" ಎಂದುಬಿಟ್ಟೆ. ಅಷ್ಟು ದೊಡ್ಡ ಹುಡುಗನ ಕಣ್ಣು ತುಂಬಿಬಂತು. ಹೇಳಿದ ಮರುಕ್ಷಣವೇ ನನಗೆ ನಾಚಿಕೆಯಾಯಿತು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಬುಧವಾರ ಒಬ್ಬನೇ ಹೋದೆ. ಶೆಡ್ಡಿನಲ್ಲಿ ಉದ್ದದ ಹಲಗೆಯ ಮೇಲೆ ಹನ್ನೊಂದು ಬಿಳಿ ಬಟ್ಟಲು, ಒಂದೊಂದರ ಮುಂದೆ ಒಂದೊಂದು ಚೀಟಿ. ಒಂಬತ್ತು ಮನೆಯವರೂ ಕೂಲಿ, ಶಾಲೆ ಎಲ್ಲ ಬಿಟ್ಟು ಗೋಡೆಗೊರಗಿ ನಿಂತಿದ್ದರು. ಗೌರಿಯ ಕೈ ನೋಡಿದೆ. ತಿಂಗಳುಗಟ್ಟಲೆ ಹಸಿ ಸೊಪ್ಪು ಹೊಸೆದು ಬೆರಳೆಲ್ಲ ಕಪ್ಪಾಗಿ, ಚಳಿಗೆ ಒಡೆದಿತ್ತು. "ಮಾವ, ನೀವು ಯಾವುದು ಅಂತೀರೋ ಅದೇ" ಎಂದಳು. ಒಂದನೆಯ ಬಟ್ಟಲಿನಿಂದ ಹನ್ನೊಂದರವರೆಗೆ ಸೊರ್ರೆಂದು ಎಳೆದೆ, ಉಗಿದೆ. ಹನ್ನೊಂದೂ ಬಿಸಿಯಾಗಿದ್ದವು, ಒಗರಾಗಿದ್ದವು, ಅದಕ್ಕಿಂತ ಹೆಚ್ಚು ಒಂದಕ್ಷರ ನನಗೆ ತಿಳಿಯಲಿಲ್ಲ. ಐದನೆಯದರ ಬಣ್ಣ ಚೆನ್ನಾಗಿತ್ತು. ಅದರ ಹತ್ತಿರ ಹೋಗಿ ನಿಂತೆ. ಇನ್ನೇನು ಬೆರಳು ತೋರಿಸಬೇಕು, ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ತಿರುಗಿ ನೋಡಿದರೆ ಮೋಆಲಾ, ಹಿಂದೆ ಪ್ರಸಾದ್, ಮುಂದೆ ಬುತ್ತಿ ಹಿಡಿದ ಸರೋಜಾ. ಹುಡುಗರಿಗೆ ಹಟ್ಟಿ ತೋರಿಸಿ ಅವರೆಕಾಳಿನ ಉದಕದ, ಅಂದರೆ ನಮ್ಮ ಬಡಗರ ಸಾರಿನ, ಊಟ ಹಾಕಿಸುತ್ತೇನೆಂದು ತಾನೇ ಕರೆದುಕೊಂಡು ಬಂದಿದ್ದಳು.

ಭೋಜಣ್ಣನಿಗೆ ಖುಷಿಯೋ ಖುಷಿ. "ಬಾ ತಂಬಿ! ನಮ್ಮ ಟೀಮೇಕರ ಮೂಗಿನ ಚಮತ್ಕಾರ ನೀನೂ ನೋಡಿದೀಯಾ?" ಎಂದು ಜೋರಾಗಿ ಕೇಳಿದ. ಮೋಆಲಾ ನನ್ನ ಕಡೆ ನೋಡಿದ. ಬಾಯಿ ತೆರೆದ. ಸುಳ್ಳು ಹೇಳಲಾರದ ಆ ಬಾಯಿಂದ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅವನು ಹೇಳಿ ನನ್ನ ಮಾನ ಹರಾಜಾಗುವುದಕ್ಕಿಂತ ನಾನೇ ಮೊದಲು ಹೇಳಿಬಿಟ್ಟರೆ ಅಷ್ಟಾದರೂ ಉಳಿಯುತ್ತದೆ ಎಂಬ ಲೆಕ್ಕ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು. "ನನಗೆ ವಾಸನೆ ಬರೋದಿಲ್ಲ!" ಎಂದು ಕೂಗಿದೆ. "ಮಳೆಗಾಲದ ಜ್ವರದಲ್ಲಿ ಹೋಯ್ತು. ನಾನು ಇಷ್ಟು ದಿನ ಹೇಳಿದ್ದೆಲ್ಲ ಈ ಹುಡುಗ ಮೂಸಿ ಹೇಳಿದ್ದು. ಹೊಗೆ ಕಂಡುಹಿಡಿದವನೂ ಇವನೇ." ಮೋಆಲಾ ತೆರೆದ ಬಾಯಿ ತೆರೆದೇ ನಿಂತಿದ್ದ. ಅವನು ಅವತ್ತು ಕೇಳಹೊರಟದ್ದು ಕೈಕಾಲು ತೊಳೆಯುವುದಕ್ಕೆ ನೀರು ಎಲ್ಲಿದೆ ಎಂದು. ಭೋಜಣ್ಣ ನಮ್ಮ ಬಡಗ ಮಾತಿನಲ್ಲಿ ಕೇಳಿದ್ದ ಪ್ರಶ್ನೆ ಅವನಿಗೆ ಅರ್ಥವೇ ಆಗಿರಲಿಲ್ಲ. ಇದನ್ನು ಪ್ರಸಾದ್ ನನಗೆ ಊಟವಾದ ಮೇಲೆ ಹೇಳಿದ.

ಬೈಗುಳ ಬೀಳುತ್ತದೆ ಎಂದುಕೊಂಡೆ. ಗೌರಿ ಮೋಆಲಾನ ಕೈ ಹಿಡಿದು ಹಲಗೆಯ ಹತ್ತಿರ ಕರೆತಂದಳು. ಅವನು ಮಂಕಿ ಕ್ಯಾಪು ತೆಗೆದು, ಒಂದೊಂದೇ ಬಟ್ಟಲಿಗೆ ಬಗ್ಗಿ, ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದ. ಪ್ರಸಾದ್ ಅದನ್ನು ತಮಿಳು ಮಾಡಿದ. ನಾನು ಆರಿಸಲಿದ್ದ ಐದನೆಯದು ಅಜ್ಜಿಯ ಚಾಪೆ ಪೆಟ್ಟಿಗೆ. ಎಂಟನೆಯದರ ಹತ್ತಿರ ಅವನು ಬಗ್ಗಿದವನು ಬೇಗ ಮೇಲೇಳಲಿಲ್ಲ. ಎದ್ದಾಗ ಮೂಗು ಕೆಂಪಾಗಿತ್ತು. "ಭಾನುವಾರ ಅಮ್ಮ ಹೂವಿನ ಹಾರ ಕಟ್ಟುವಾಗ ನಮ್ಮ ಮನೆ ಹೀಗೇ ಇರುತ್ತೆ" ಎಂದ. ಗೋಡೆಯ ಹತ್ತಿರದಿಂದ ಒಬ್ಬ ಹೆಂಗಸು, "ನನಗೂ ಎಂಟೇ ಅನಿಸಿತ್ತು" ಎಂದಳು. ನನಗೂ, ನನಗೂ ಎಂದು ಇನ್ನಿಬ್ಬರು. ಭೋಜಣ್ಣ ಕೂಡ ಕೆಮ್ಮಿ, "ನಾನು ನಿನ್ನೆಯೇ ಅಂದುಕೊಂಡಿದ್ದೆ" ಎಂದ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಗೌರಿ ನನ್ನನ್ನು ನೋಡಿ ಹೇಳಿದಳು, "ನೀವು ಐದರ ಹತ್ತಿರ ನಿಂತಿದ್ದಿರಿ ಮಾವ. ನಿಮ್ಮ ಮುಂದೆ ನಮ್ಮ ಮೂಗು ಏನು ಅಂತ ಸುಮ್ಮನಾದ್ವಿ." ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಒಂಬತ್ತು ಮನೆಯ ಮೂಗುಗಳನ್ನು ನಾನು ಒಬ್ಬನೇ ಆರು ತಿಂಗಳು ಮುಚ್ಚಿಟ್ಟಿದ್ದೆ.

ಎಂಟನೆಯದು ಕೂನೂರಿಗೆ ಹೋಯಿತು, ವ್ಯಾಪಾರಿಗೆ ಹಿಡಿಸಿತು. ಈಗ ಶೆಡ್ಡಿನಲ್ಲಿ ಬುಧವಾರ ಎಲ್ಲರೂ ಮೂಸುತ್ತಾರೆ, ಜಗಳವಾಡುತ್ತಾರೆ, ಗೌರಿ ತೀರ್ಪು ಹೇಳುತ್ತಾಳೆ. ನಾನೂ ಹೋಗುತ್ತೇನೆ, ಬಿಸಿನೀರು ಕಾಯಿಸುವ ಕೆಲಸ ನನ್ನದು. ಅವತ್ತು ಹಟ್ಟಿಯಿಂದ ವಾಪಸು ಬರುವ ಬಸ್ಸಿನಲ್ಲಿ ಸರೋಜಾಳಿಗೆ, ನಿನಗೂ ಮುಚ್ಚಿಟ್ಟಿದ್ದೆ, ತಪ್ಪಾಯಿತು ಎಂದೆ. ಅವಳು ಕಿಟಕಿಯ ಕಡೆ ನೋಡುತ್ತ, "ಆಗಸ್ಟಿನಲ್ಲಿ ಮೂರು ಸಲ ಬೇಕೂಂತಲೇ ಸಾರಿಗೆ ಇಂಗು, ಒಗ್ಗರಣೆ ಏನೂ ಹಾಕದೆ ಬಡಿಸಿದೆ. ಮೂರು ಸಲವೂ ಘಮ್ಮೆನ್ನುತ್ತಿದೆ ಅಂದಿರಿ" ಎಂದಳು. ಮತ್ತೆ ಕೇಳಲಿಲ್ಲವೇಕೆ ಎಂದೆ. "ಮದುವೆಯಾದಾಗಿನಿಂದ ನನ್ನ ಅಡಿಗೆ ಹೊಗಳಿದ್ದು ಅವೇ ಮೂರು ಸಲ" ಎಂದು ಉತ್ತರ ಬಂತು.

ಮೋಆಲಾನ ಹತ್ತಿರ ಮಾತ್ರ ಕ್ಷಮೆ ಕೇಳುವುದು ಬಾಕಿ ಇತ್ತು. ಅವನ ಹನ್ನೆರಡು ವಾರ ಮುಗಿದು ಕೊಯಮತ್ತೂರಿಗೆ ವರ್ಗವಾಯಿತು. ಹೊರಡುವ ದಿನ ಪೆಟ್ಟಿಗೆಯನ್ನು ಪೂರ್ತಿ ಕಟ್ಟಿಕೊಂಡು ಕೆಳಗೆ ಬಂದಾಗ, ಅವತ್ತು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಆಡಿದ ಮಾತು ತಪ್ಪು ಎಂದು ಶುರುಮಾಡಿದೆ. ಅವನು ನನ್ನನ್ನು ಮುಂದೆ ಮಾತಾಡಲು ಬಿಡದೆ ಅಪ್ಪಿಕೊಂಡ. ನನ್ನ ಕಾಲು ನೆಲದಿಂದ ಮೇಲಿತ್ತೆಂದು ಸರೋಜಾ ಆಮೇಲೆ ಹೇಳಿದಳು. ನಂತರ ಮೊಬೈಲು ತೆಗೆದು, ವಾರಕ್ಕೊಮ್ಮೆ ಅಮ್ಮನಿಗೆ ಬರೆಯುವ ಪತ್ರ ಓದಿ ಅರ್ಥ ಹೇಳಿದ: "ಅಮ್ಮಾ, ವಾಪಸು ಬಂದುಬಿಡಬೇಕು ಎಂದುಕೊಂಡಿದ್ದೆ. ಆದರೆ ನಮ್ಮ ಮನೆಯ ಮಾಲೀಕರು, ಯಾರೂ ಕೇಳದಿದ್ದರೂ, ತಮ್ಮ ಜನರೆಲ್ಲರ ಮುಂದೆ ನಿಂತು ಸತ್ಯ ಹೇಳಿದರು. ಅಷ್ಟು ವಯಸ್ಸಾದವರಿಗೆ ಅಷ್ಟು ಧೈರ್ಯವಿದ್ದರೆ ನನಗೆ ಎರಡು ವರ್ಷ ಇರುವ ಧೈರ್ಯ ಇರಬೇಡವೇ? ನಾನು ಇರುತ್ತೇನೆ."

ಯಾರೂ ಕೇಳದಿದ್ದರೂ! ನೀನು ಬಾಯಿ ತೆರೆದೆಯಲ್ಲ ಮಾರಾಯ, ಅದಕ್ಕೆ ಹೆದರಿ ಹೇಳಿದೆ ಎನ್ನುವುದಕ್ಕೆ ನಾನೂ ಬಾಯಿ ತೆರೆದೆ. ಹೇಳಿದರೆ ಹುಡುಗ ಕೊಯಮತ್ತೂರಿನ ಬಸ್ಸು ಬಿಟ್ಟು ವಿಮಾನ ಹತ್ತಿಯಾನು ಎನಿಸಿತು. ಮುಚ್ಚಿಕೊಂಡೆ. ಮೊನ್ನೆ ಫೋನು ಮಾಡಿದ್ದ, ತಮಿಳು ಚೆನ್ನಾಗಿ ಬರುತ್ತಿದೆ, ಸೆಕೆ ಊರಿನ ಹಾಗೇ ಇದೆಯಂತೆ. ಅವನ ಅಮ್ಮ ಈಗ ದಿನಾ ಬೆಳಗ್ಗೆ ಮಂಡಿಯೂರಿ, ಊಟಿಯಲ್ಲಿರುವ ಆ ಸತ್ಯವಂತರಿಗೆ ಮೂಗು ವಾಪಸು ಕೊಡು ಎಂದು ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಾಳಂತೆ. ನಾನು ಕೈಮುಗಿದು ಥ್ಯಾಂಕ್ಸ್ ಹೇಳಿದೆ. ಆದರೆ ಆ ಪ್ರಾರ್ಥನೆ ಹೋಗಿ ತಲುಪುವ ಕಡೆ ನಡೆದ ಸಂಗತಿಯೆಲ್ಲ ಮೊದಲೇ ಗೊತ್ತಿರುತ್ತದಲ್ಲ, ಹಾಗಾಗಿ ಮೂಗು ಬರುತ್ತದೆಂಬ ಭರವಸೆ ನನಗಿಲ್ಲ.